ಮಸಾಯಿ ಮಾರಾಗೆ ಹೊರಟಿರುವ ಗೆಳೆಯರಿಗೆ

ಜುಲೈ ಬಂತೆಂದರೆ ನಮ್ಮ ಫೋಟೋಗ್ರಫಿ ಗ್ರೂಪುಗಳ ತುಂಬಾ ಕೀನ್ಯಾದ ವನ್ಯಜೀವಿ ರಿಸರ್ವ್ ಮಸಾಯಿ ಮಾರಾ. ಹುಲ್ಲಿನ ಮಧ್ಯೆ ಕುಳಿತ ಚೀತಾ, ಸುತ್ತ ಯಾರೂ ಇಲ್ಲ ಅನ್ನುವ ಹಾಗೆ. ಆದರೆ ಎಷ್ಟೋ ಸಲ ಅದರ ಸುತ್ತ ಸಾಲಾಗಿ ಸಫಾರಿ ಜೀಪುಗಳು ನಿಂತಿರುತ್ತವೆ. ಆ ಫೋಟೋ ಯಾರೂ ಹಾಕುವುದಿಲ್ಲ.

ಚೀತಾ ಹೆಚ್ಚಾಗಿ ಹಗಲಲ್ಲೇ ಬೇಟೆಯಾಡುತ್ತದೆ, ಯಾಕೆಂದರೆ ರಾತ್ರಿ ಸಿಂಹ, ಕತ್ತೆಕಿರುಬಗಳ ಕಾಟ ಜಾಸ್ತಿ. ಅಂದರೆ ನಾವು ಕ್ಯಾಮೆರಾ ಹಿಡಿದು ಹೊರಡುವ ಹೊತ್ತೂ ಅದು ಮರಿಗಳಿಗೆ ಊಟ ಹುಡುಕುವ ಹೊತ್ತೂ ಒಂದೇ. ಮಾರಾದಲ್ಲೇ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ಓದಿ ನನಗೆ ತುಂಬಾ ಸಂಕಟವಾಯಿತು. ಪ್ರವಾಸಿಗರು ಕಡಿಮೆ ಇರುವ ಕಡೆ ತಾಯಿ ಚೀತಾ ಒಂದು ಸೂಲಿನಲ್ಲಿ ಸರಾಸರಿ 2.3 ಮರಿಗಳನ್ನು ಬೆಳೆಸುತ್ತದೆ. ಜಾಸ್ತಿ ಇರುವ ಕಡೆ ಬರೀ 0.2. ಐದು ಸಲ ಮರಿ ಹಾಕಿದರೆ ಒಂದು ಉಳಿದ ಲೆಕ್ಕ!

ನಿಯಮ ಇದೆ. ಒಂದು ಪ್ರಾಣಿಯ ಹತ್ತಿರ ಒಮ್ಮೆಗೆ ಐದೇ ಗಾಡಿ. ಆದರೆ ರೇಂಜರ್ ಕಾಣದ ಕಡೆ ಅದನ್ನು ಕೇಳುವವರು ಯಾರು? ಡ್ರೈವರುಗಳ ರೇಡಿಯೋದಲ್ಲಿ ಚೀತಾ ಕಂಡ ಸುದ್ದಿ ಬಂದ ಕೂಡಲೇ ಎಲ್ಲರೂ ಅತ್ತಲೇ ನುಗ್ಗುತ್ತಾರೆ. ಸುಮ್ನೆ ಡ್ರೈವರನ್ನು ಬಯ್ಯಬೇಡಿ. 'ಇನ್ನೂ ಸ್ವಲ್ಪ ಹತ್ತಿರ' ಅನ್ನುವವರು ಹಿಂದೆ ಕೂತವರು, ಕೊನೆಗೆ ಟಿಪ್ಸ್ ಕೊಡುವವರೂ ಅವರೇ, ಅಲ್ವಾ?

ಹಾಗಂತ ಹೋಗಲೇಬೇಡಿ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ರಿಸರ್ವ್‌ನ ಪಕ್ಕದ ನಬೋಯಿಶೋ, ಮಾರಾ ನಾರ್ತ್‌ನಂಥ ಕನ್ಸರ್ವೆನ್ಸಿಗಳಲ್ಲಿ (ಖಾಸಗಿ ಜಮೀನಿನ ವನ್ಯಜೀವಿ ಪ್ರದೇಶ) ಅಲ್ಲಿನ ಮಸಾಯಿ ಜನಾಂಗದ ಕುಟುಂಬಗಳು ತಮ್ಮ ಜಮೀನನ್ನು ವನ್ಯಜೀವಿಗಳಿಗೆ ಬಿಟ್ಟು ಗುತ್ತಿಗೆ ಹಣ ಪಡೆಯುತ್ತವೆ, ಆ ಹಣ ಬರುವುದು ಪ್ರವಾಸಿಗರಿಂದಲೇ. 2020ರಲ್ಲಿ ಕೊರೊನಾ ಬಂದಾಗ ಅದಕ್ಕೂ ಕುತ್ತು ಬಂದಿತ್ತು. ಹಣ ನಿಂತರೆ ಜಮೀನಿಗೆ ಬೇಲಿ ಬೀಳುತ್ತದೆ, ಪ್ರಾಣಿಗಳ ದಾರಿ ಮುಚ್ಚುತ್ತದೆ. ಲೋಯಿಟಾ ಬಯಲಿನಿಂದ ಮಾರಾಕ್ಕೆ ಬರುತ್ತಿದ್ದ ವೈಲ್ಡ್‌ಬೀಸ್ಟ್ (ದೊಡ್ಡ ಜಾತಿಯ ಹುಲ್ಲೆ) ಹಿಂಡುಗಳು ಕರಗಿದ್ದಕ್ಕೆ ಬೇಲಿ, ಹೊಲಗಳೂ ಕಾರಣ. ಮಾರಾ ನದಿ ಹುಟ್ಟುವ ಮೌ ಕಾಡನ್ನು ಕಡಿದು ಹೊಲ ಮಾಡಿದ್ದರಿಂದ ನದಿಗೂ ಪೆಟ್ಟು ಬಿದ್ದಿದೆ. ಅದು ನಮ್ಮ ಕೈಯಲ್ಲಿಲ್ಲ. ಜೀಪು ಎಲ್ಲಿ ನಿಲ್ಲಬೇಕು ಅನ್ನುವುದು ಖಂಡಿತ ನಮ್ಮ ಕೈಯಲ್ಲಿದೆ.

ಬುಕ್ ಮಾಡುವಾಗಲೇ ಗಾಡಿಗಳ ಸಂಖ್ಯೆಗೆ ಮಿತಿ ಇಟ್ಟಿರುವ ಕನ್ಸರ್ವೆನ್ಸಿಯ ಕ್ಯಾಂಪ್ ಕೇಳಿ. ಖರ್ಚು ಜಾಸ್ತಿ, ಗೊತ್ತು. ಮೊದಲ ದಿನವೇ ಡ್ರೈವರಿಗೆ ಹೇಳಿಬಿಡಿ: ಐದು ಗಾಡಿ ಇದ್ದರೆ ನಮಗೆ ಆ ಚೀತಾ ಬೇಡ, ಮರಿಗಳಿದ್ದರೆ ದೂರದಲ್ಲೇ ನಿಲ್ಲಿಸಿ. ಹಾಗೆ ಗಾಡಿ ತಿರುಗಿಸಿದ ದಿನ ಅವರಿಗೆ ಟಿಪ್ಸ್ ಸ್ವಲ್ಪ ಜಾಸ್ತಿಯೇ ಕೊಡಿ.