ರಸ್ತೆಗಾಗಿ ಶಾಸಕರ ಕುರ್ಚಿ ಖಾಲಿಯಾಗಬೇಕಾ?

ನಿನ್ನೆ ಚಿಂಚೋಳಿಯ ಚಹಾದಂಗಡಿಯಲ್ಲಿ ಒಬ್ಬರು ಹೇಳಿದರು: "ಇನ್ನೊಂದು ಬೈ ಎಲೆಕ್ಷನ್ ಬಂದ್ರ ನಮ್ಮೂರ ರೋಡ್ ಆಗ್ತದ ನೋಡ್ರಿ." ಕೂತವರೆಲ್ಲ ಹೌದೌದು ಅಂದರು. ನನಗೆ ಮೈ ಉರಿದುಹೋಯಿತು. ಇಷ್ಟಕ್ಕೇ ಒಗ್ಗಿಹೋದೆವಾ ನಾವು?

2018ರ ಮೇ ತಿಂಗಳಲ್ಲಿ ವಿಧಾನಸಭೆಗೆ ವೋಟು ಹಾಕಿದೆವು. ವರ್ಷ ತುಂಬುವ ಮೊದಲೇ ಗೆದ್ದವರು ರಾಜೀನಾಮೆ ಕೊಟ್ಟು ಲೋಕಸಭೆಗೆ ನಿಂತರು. 2019ರ ಏಪ್ರಿಲ್ 23ಕ್ಕೆ ಲೋಕಸಭೆ ಮತದಾನ. ಬೆರಳಿನ ಶಾಯಿ ಮಾಸುವ ಮೊದಲೇ ಮೇ 19ಕ್ಕೆ ಉಪಚುನಾವಣೆ. ಆ ಕೆಂಡದಂಥ ಬಿಸಿಲಲ್ಲಿ ಮತ್ತೆ ಸಾಲು! ನಾವು ಕೊಟ್ಟಿದ್ದು ಐದು ವರ್ಷ ಅಲ್ವಾ?

ಇನ್ನು ಪ್ರಚಾರ. ಬೆಳಗಾದರೆ ಆಟೊ ಮೈಕು ಕಿವಿ ಕೊರೆಯುತ್ತದೆ. ಪರೀಕ್ಷೆಗೆ ಓದುವ ಮಕ್ಕಳು, ಮಲಗಿದ ಮುದುಕರು ಯಾರಿಗೂ ಬಿಡುವಿಲ್ಲ. ನಮ್ಮ ತಾಂಡಾಗಳ ದಾರಿಯೇ ಗೊತ್ತಿಲ್ಲದ ಸಚಿವರು ಸಾಲುಗಟ್ಟಿ ಬಂದು ಕೈ ಮುಗಿಯುತ್ತಾರೆ. ತೊಗರಿ ಬೆಲೆ ಬಿದ್ದಾಗ ಇವರೆಲ್ಲ ಎಲ್ಲಿದ್ದರು? ನಮ್ಮ ಹುಡುಗರು ದುಡಿಯೋಕೆ ಪುಣೆ, ಮುಂಬೈ, ಹೈದರಾಬಾದಿಗೆ ಹೋಗುವಾಗ? ಮತದಾನಕ್ಕೆ ಅವರನ್ನು ಕರೆಸಲು ಗಾಡಿ ಸಿಗುತ್ತದೆ, ಉಳಿದ ದಿನ ಊರಿಗೆ ಸಂಜೆ ಬಸ್ಸು ಸಿಗಲ್ಲ. ಕಚೇರಿಗೆ ಹೋದರೆ, "ನೀತಿ ಸಂಹಿತೆ ಅದರೀ, ಮುಗದ ಮ್ಯಾಲ ಬರ್ರಿ." ಮುಗಿದ ಮೇಲೆ ಯಾರು ಮುಖ ನೋಡುತ್ತಾರೆ?

ಬಸವಕಲ್ಯಾಣ ನೆನೆದರಂತೂ ಸಂಕಟವಾಗುತ್ತದೆ. ಶಾಸಕರು ಕೊರೊನಾದಿಂದ ತೀರಿಕೊಂಡು ಖಾಲಿಯಾದ ಸೀಟು ಅದು. 2021ರ ಏಪ್ರಿಲ್ 17ರಂದು, ಎರಡನೇ ಅಲೆ ಏರುತ್ತಿದ್ದಾಗಲೇ, ಅದಕ್ಕೆ ಮತದಾನ. ಅದಕ್ಕೂ ಮುಂಚೆ ಜನ ಸೇರಿಸಿ ಸಭೆ ಮೇಲೆ ಸಭೆ. ಅದೇ ರೋಗ, ಅದೇ ಊರು. ಒಬ್ಬರಿಗಾದರೂ ಬೇಡ ಅನ್ನಿಸಲಿಲ್ವಾ?