ಮತ್ತೆ ನಾನೇ ಕ್ಲೆರಿಕ್ಕಾ?

ಭಾನುವಾರ ಹೊಸ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ ಶುರುವಾಯಿತು. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಆಡುವ ಕಥೆಯಾಟ ಅದು. ಮಾಟಗಾರ ವಾರ್ಲಾಕ್ ಆಡಬೇಕೆಂದು ಪಾತ್ರದ ಹಾಳೆಯನ್ನೂ ತುಂಬಿಸಿಕೊಂಡು ಹೋಗಿದ್ದೆ. ಕೂರುವ ಮೊದಲೇ ಒಬ್ಬ ಕೇಳಿದ, "ಕ್ಲೆರಿಕ್ ನೀನೇ ಅಲ್ವಾ?" ಅಂದರೆ ಎಲ್ಲರ ಗಾಯ ವಾಸಿ ಮಾಡುವ ಪೂಜಾರಿ!

ಯಾಕೆ, ನನ್ನ ಹಣೆಯಲ್ಲಿ ಬರೆದಿದೆಯಾ? 2014ರ ನಿಯಮದ ಪುಸ್ತಕದಲ್ಲಿ ಆಡಬಹುದಾದ ಪಾತ್ರಗಳ 12 ಬಗೆ, ಅಂದರೆ ಕ್ಲಾಸ್‌ಗಳಿವೆ. 11 ಇವರಿಗೆ, ಒಂದು ನನಗೆ!

ಕಳ್ಳನ ಪಾತ್ರದ ರೋಗ್ ಯಾರಿಗೂ ಹೇಳದೆ ಮುಂದೆ ನುಸುಳುತ್ತಾನೆ, ಬಲೆಗೆ ಬೀಳುತ್ತಾನೆ, ಆಮೇಲೆ "ಹೀಲ್ ಮಾಡೋ ಮಾರಾಯ" ಎಂದು ಕೂಗುತ್ತಾನೆ. ಬಾರ್ಬೇರಿಯನ್‌ಗೆ ಬಾಗಿಲು ಕಂಡರೆ ಒದೆಯಲೇಬೇಕು. ವಿಝರ್ಡ್ ಮಹಾಶಯರು ನಮ್ಮವರ ನಡುವೆಯೇ ಫೈರ್‌ಬಾಲ್ ಮಂತ್ರ ಎಸೆದು ಹಲ್ಲು ಕಿರಿಯುತ್ತಾರೆ. ಸುತ್ತ 20 ಅಡಿ ಸುಡುತ್ತದೆ ಅಂತ ಗೊತ್ತಿಲ್ವಾ? ಸತ್ತವನನ್ನು ಒಂದು ನಿಮಿಷದೊಳಗೆ ರಿವಿವಿಫೈ ಮಂತ್ರ ಹಾಕಿ ಎಬ್ಬಿಸಲು 300 ಚಿನ್ನದ ನಾಣ್ಯ ಬೆಲೆಯ ವಜ್ರ ಬೇಕು. ಅದು ಯಾರ ಜೇಬಿಂದ? ನನ್ನದೇ. ಲೂಟಿ ಹಂಚುವಾಗ ಮಾತ್ರ, "ನೀನು ದೇವರ ಮನುಷ್ಯ, ನಿನಗ್ಯಾಕೆ ದುಡ್ಡು?"

ಹಾಡುಗಾರ ಬಾರ್ಡ್ ಕೂಡ ಗಾಯ ವಾಸಿ ಮಾಡಬಲ್ಲ ಕಣ್ರೀ! ಡ್ರೂಯಿಡ್, ಪ್ಯಾಲಡಿನ್ ಕೂಡ. ಆದರೆ ಬಾರ್ಡ್ ಸಾಹೇಬರಿಗೆ ಹೆಂಡದಂಗಡಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಕಣ್ಣು ಹೊಡೆದು ಮುಗಿದರೆ ತಾನೆ?

"ಸುಮ್ನೆ ಇದೊಂದು ಸಲ" ಅಂತೆ. ಹೋದ ಸಲವೂ ಇದೇ ಮಾತು. ಅದರ ಹಿಂದಿನ ಸಲವೂ!