ಬೆಕ್ಕಿಗೆ ನೂಲುಂಡೆ ಕೊಡಬೇಡಿ

ನಿವೃತ್ತರಿಗೆ ಕ್ರೋಶಾ (ಕೊಕ್ಕೆ ಸೂಜಿಯ ಹೆಣಿಗೆ), ಬೆಕ್ಕು ಎರಡೂ ಒಳ್ಳೆಯ ಸಂಗಾತಿಗಳು ಎಂದು ನಿಮ್ಮ ಬರಹದಲ್ಲಿ ಹೇಳಿದ್ದೀರಿ, ಒಪ್ಪಿದೆ. ಆದರೆ ಅದರಲ್ಲಿರುವ ‘ಉಳಿದ ನೂಲುಂಡೆಯನ್ನು ಬೆಕ್ಕಿಗೆ ಆಡಲು ಕೊಡಿ’ ಎಂಬ ಸಲಹೆಯನ್ನು ದಯವಿಟ್ಟು ತೆಗೆದುಹಾಕಿ. ಬೆಕ್ಕಿನ ನಾಲಿಗೆಯ ಮುಳ್ಳುಗಳು ಹಿಂದಕ್ಕೆ ಬಾಗಿರುತ್ತವೆ, ಬಾಯಿಗೆ ಹೋದ ನೂಲನ್ನು ಉಗುಳುವುದು ಅದಕ್ಕೆ ಕಷ್ಟ. ನುಂಗಿದ ನೂಲಿನ ಒಂದು ತುದಿ ನಾಲಿಗೆಯ ಬುಡದಲ್ಲೋ ಹೊಟ್ಟೆಯಲ್ಲೋ ಸಿಕ್ಕಿಕೊಂಡರೆ ಕರುಳು ನೆರಿಗೆಗಟ್ಟಿ ಕೊಯ್ದುಹೋಗಬಹುದು. ಮುಂಬೈಯ ಮಾಟುಂಗಾದಲ್ಲಿರುವ ನನ್ನ ಗೆಳತಿಯ ಬೆಕ್ಕಿಗೆ ಹೀಗೇ ಆಯಿತು. ಅವಳ ಮಗ, ಸೊಸೆ ಆಫೀಸಿಗೆ ಹೋಗಿದ್ದರು. ನಾವಿಬ್ಬರೇ ಟ್ಯಾಕ್ಸಿ ಹಿಡಿದು ಪರೇಲಿಗೆ, ಅಲ್ಲಿನ ದೊಡ್ಡ ಪ್ರಾಣಿ ಆಸ್ಪತ್ರೆಗೆ ಓಡಿದೆವು. ಶಸ್ತ್ರಚಿಕಿತ್ಸೆಯಿಂದ ಜೀವ ಉಳಿಯಿತು, ಪುಣ್ಯ. ಬಾಯಿಂದಲೋ ಗುದದಿಂದಲೋ ನೂಲು ನೇತಾಡುತ್ತಿದ್ದರೆ ಎಳೆಯಲೇಬೇಡಿ, ಒಳಗೆ ಇನ್ನಷ್ಟು ಕೊಯ್ಯುತ್ತದೆ. ನೇರ ವೈದ್ಯರಲ್ಲಿಗೆ ಒಯ್ಯಿರಿ. ಹೆಣಿಗೆ ಕೆಳಗಿಟ್ಟ ಕೂಡಲೇ ನೂಲು, ಸೂಜಿ, ಕತ್ತರಿಸಿದ ತುಂಡುಗಳೆಲ್ಲ ಮುಚ್ಚಳವಿರುವ ಡಬ್ಬಿಗೆ ಸೇರಲಿ.